ಬೀಗ ಹಾಕುವ ದಿನವೇ ತೆಗೆಯುವ ದಿನವನ್ನೂ ಹೇಳಿ

ವಿಡಿಯೊ ಗೇಮ್ ಪ್ರಕಾಶಕರಿಗೆ ಮತ್ತು ಡಿಜಿಟಲ್ ಗೇಮ್ ಸ್ಟೋರ್‌ಗಳನ್ನು ನಡೆಸುವವರಿಗೆ,

ಮಾನ್ಯರೇ,

ನನ್ನ ಶೆಲ್ಫಿನಲ್ಲಿ ಒಂದು ಹಳೇ ಗೇಮಿನ ಡಬ್ಬಿ ಇದೆ. ಒಳಗೆ ಎರಡು ಡಿಸ್ಕ್, ಒಂದು ಪುಟ್ಟ ಮ್ಯಾನ್ಯುಯಲ್, ಅದರ ಕೊನೇ ಪುಟದಲ್ಲಿ ಅಂಟಿಸಿದ ಸೀರಿಯಲ್ ಕೀ. ಡಿಸ್ಕಿನ ಮೇಲೆ ಒಂದು ಗೀರೂ ಬಿದ್ದಿಲ್ಲ. ನಾನೂ ಅಕ್ಕನೂ ಒಂದೇ ಕೀಬೋರ್ಡಿನ ಎರಡು ತುದಿಗೆ ಕೂತು ಆಡಿದ ಗೇಮ್ ಅದು. ಎಡಗಡೆಯ ಅಕ್ಷರಗಳು ಅವಳಿಗೆ, ಬಲಗಡೆಯ ಬಾಣದ ಗುರುತುಗಳು ನನಗೆ.

ಕಳೆದ ವರ್ಷ ಅಕ್ಕ ಮಗನನ್ನು ಕರೆದುಕೊಂಡು ಬಂದಿದ್ದಳು. ಅವನಿಗೆ ಹನ್ನೆರಡು ವರ್ಷ. ಶೆಲ್ಫಿನಲ್ಲಿ ಆ ಡಬ್ಬಿ ಕಂಡದ್ದೇ ತಡ, "ನಿನ್ನ ವಯಸ್ಸಲ್ಲಿ ನಾವು ಏನು ಆಡ್ತಿದ್ವಿ ತೋರಿಸ್ತೀನಿ, ಬಾ" ಅಂದಳು. ಇನ್‌ಸ್ಟಾಲ್ ಸರಾಗವಾಗಿ ಆಯಿತು. ಕೀಯನ್ನೂ ಒಪ್ಪಿಕೊಂಡಿತು. ಆಮೇಲೆ ಒಂದು ಕಿಟಕಿ ತೆರೆದುಕೊಂಡಿತು: ಇಂಟರ್ನೆಟ್ ಮೂಲಕ ಆಕ್ಟಿವೇಟ್ ಮಾಡಿ. ಬಟನ್ ಒತ್ತಿದೆವು, ಸರ್ವರ್ ಸಿಗುತ್ತಿಲ್ಲ ಎಂದು ಬಂತು. ಮತ್ತೆ ಒತ್ತಿದೆವು. ಸಂಜೆ ತನಕ ಅದೇ ಆಯಿತು.

ಮಾರನೇ ದಿನ ಕಂಪನಿಯ ಸಹಾಯ ವಿಭಾಗಕ್ಕೆ ಬರೆದೆ. ಡಬ್ಬಿಯ ಫೋಟೊ, ಕೀಯ ಫೋಟೊ ಎಲ್ಲ ಕಳಿಸಿದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು. ಆ ಗೇಮಿನ ಆಕ್ಟಿವೇಶನ್ ಸರ್ವರ್ ಮುಚ್ಚಿದ್ದಾರಂತೆ. ಬೇರೆ ದಾರಿ ಇಲ್ಲವಂತೆ. ಕೊನೆಯಲ್ಲಿ ಒಂದು ಧನ್ಯವಾದ.

ಅಷ್ಟರಲ್ಲಿ ಅಕ್ಕನ ಮಗ ಅಮ್ಮನ ಫೋನ್ ಹಿಡಿದು ಹತ್ತೇ ನಿಮಿಷದಲ್ಲಿ ಆ ಗೇಮಿನ ಕ್ರ್ಯಾಕ್, ಅಂದರೆ ಆಕ್ಟಿವೇಶನ್ ಕೇಳದಂತೆ ಮಾಡುವ ಫೈಲ್, ಹುಡುಕಿದ್ದ. "ಮಾಮ, ಈ ಒಂದು ಫೈಲ್ ಹಾಕಿದ್ರೆ ಓಡುತ್ತಂತೆ." ನಾನು ಬೇಡ ಅಂದೆ. ಯಾರು ಮಾಡಿದ ಫೈಲೋ, ಒಳಗೆ ಏನಿದೆಯೋ ಗೊತ್ತಿಲ್ಲ. ಅದೇ ಕಂಪ್ಯೂಟರಿನಲ್ಲಿ ನನ್ನ ಬ್ಯಾಂಕಿನ ವ್ಯವಹಾರ ಇದೆ, ಮನೆಯವರ ಫೋಟೊಗಳಿವೆ. ಅವನು ನನ್ನ ಮುಖ ನೋಡಿ ಕೇಳಿದ: "ಆದ್ರೆ ನೀವು ದುಡ್ಡು ಕೊಟ್ಟು ತಗೊಂಡಿದ್ದೀರಿ ಅಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಡಬೇಕಾದವರು ನೀವು ಅನ್ನಿಸಿತು, ಅದಕ್ಕೇ ಈ ಪತ್ರ. ಆ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಒಂದು ಕಂಪನಿ ಎಡವಿದ್ದಾಗಿದ್ದರೆ ಅವರಿಗೇ ಇನ್ನೊಂದು ಪತ್ರ ಬರೆದು ಸುಮ್ಮನಾಗುತ್ತಿದ್ದೆ. ಇದು ನಿಮ್ಮಲ್ಲಿ ಬಹುಪಾಲು ಜನರ ರೂಢಿಯೇ ಆಗಿಬಿಟ್ಟಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಗೇಮ್ ಕದಿಯುವವರ ಪರವಾಗಿ ನಾನು ಮಾತಾಡುತ್ತಿಲ್ಲ. ಪೈರಸಿಯಿಂದ ಆಗುವ ನೋವು ನನಗೆ ಅರ್ಥವಾಗುತ್ತದೆ. 2013ರಲ್ಲಿ ಗ್ರೀನ್‌ಹಾರ್ಟ್ ಗೇಮ್ಸ್ ಎಂಬ ಪುಟ್ಟ ಸ್ಟುಡಿಯೊ 'ಗೇಮ್ ಡೆವ್ ಟೈಕೂನ್' ಬಿಡುಗಡೆ ಮಾಡಿತು. ಅಣ್ಣತಮ್ಮಂದಿರು ಇಬ್ಬರು ಸೇರಿ ಕಟ್ಟಿದ ಸ್ಟುಡಿಯೊ ಅದು. ಬಿಡುಗಡೆಯ ದಿನವೇ ಅವರು ಬೇಕೆಂದೇ ಒಂದು ಬೇರೆ ಪ್ರತಿಯನ್ನು, ಜನ ಫೈಲ್ ಹಂಚಿಕೊಳ್ಳುವ ಟೊರೆಂಟಿನಲ್ಲಿ ಹಾಕಿದರು. ಅದರಲ್ಲಿ ಆಟಗಾರ ಎಷ್ಟೇ ಚೆನ್ನಾಗಿ ಗೇಮ್ ಮಾಡಿ ಮಾರಿದರೂ ಕೊನೆಗೆ ಪೈರಸಿಯಿಂದ ದಿವಾಳಿಯಾಗುತ್ತಾನೆ. ಮೊದಲ ದಿನ ಮುಗಿದಾಗ ಲೆಕ್ಕ ನೋಡಿದರು. ಕೊಂಡು ಆಡಿದವರು 214 ಜನ. ಆ ಟೊರೆಂಟ್ ಪ್ರತಿಯನ್ನು ಆಡಿದವರು ಕಡಿಮೆ ಎಂದರೂ 3,104 ಜನ. ಓದಿದಾಗ ನನಗೆ ನಾಚಿಕೆಯಾಯಿತು, ನಾನು ಕದ್ದವನಲ್ಲದಿದ್ದರೂ. ಆದರೆ ಅದೇ ಸುದ್ದಿಯಲ್ಲಿ ಇನ್ನೊಂದು ಸಂಗತಿ ಇತ್ತು. ಅವರು ಮಾರಿದ ಅಸಲಿ ಪ್ರತಿಗೆ ಬೀಗವೇ, ಅಂದರೆ ನಕಲು ತಡೆಯುವ ವ್ಯವಸ್ಥೆಯೇ, ಇರಲಿಲ್ಲ. ಕೊಂಡವರಿಗೆ ತೊಂದರೆ ಕೊಡುವುದು ಅವರಿಗೆ ಇಷ್ಟವಿರಲಿಲ್ಲ.

ಬೀಗ ಹಾಕುವ ಹಕ್ಕು ನಿಮಗಿದೆ. ನಾನು ಕೇಳುತ್ತಿರುವುದು ಅದನ್ನು ತೆಗೆಯುವ ದಿನ ಯಾವುದು ಅಂತ ಮಾತ್ರ.

ಹಿಂದೆಯೂ ಗೇಮುಗಳಿಗೆ ಬೀಗ ಇತ್ತು. 1990ರ 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್' ಡಬ್ಬಿಯಲ್ಲಿ ಒಂದು ರಟ್ಟಿನ ಚಕ್ರ ಬರುತ್ತಿತ್ತು. ಕಡಲ್ಗಳ್ಳನ ಅರ್ಧ ಮುಖ ಒಳಚಕ್ರದಲ್ಲಿ, ಇನ್ನರ್ಧ ಹೊರಚಕ್ರದಲ್ಲಿ. ಪರದೆಯ ಮೇಲೆ ಕಂಡ ಮುಖಕ್ಕೆ ಚಕ್ರ ತಿರುಗಿಸಿ ಹೊಂದಿಸಿದರೆ ಒಂದು ಇಸವಿ ಸಿಗುತ್ತಿತ್ತು. ಅದನ್ನು ಟೈಪ್ ಮಾಡಿದರೆ ಗೇಮ್ ಶುರು. ಬೇರೆ ಗೇಮುಗಳು ಮ್ಯಾನ್ಯುಯಲ್ಲಿನ ಇಂಥ ಪುಟದ ಇಂಥ ಪದ ಯಾವುದು ಎಂದು ಕೇಳುತ್ತಿದ್ದವು. ಕಿರಿಕಿರಿ ಇತ್ತು, ನಿಜ. ಆದರೆ ಆ ಚಕ್ರ ನನ್ನ ಕೈಯಲ್ಲೇ ಇರುತ್ತಿತ್ತು. ಕಂಪನಿ ಮುಚ್ಚಿದರೂ ಇರುತ್ತಿತ್ತು. ಇವತ್ತು ಯಾರ ಹತ್ತಿರ ಆ ಚಕ್ರ ಇದೆಯೋ ಅವರು ಇವತ್ತೂ ಆ ಬೀಗ ತೆಗೆಯಬಹುದು.

ಆಮೇಲೆ ಡಿಸ್ಕನ್ನೇ ಪರೀಕ್ಷೆ ಮಾಡುವ ಬೀಗಗಳು ಬಂದವು. ಸೇಫ್‌ಡಿಸ್ಕ್, ಸೆಕ್ಯುರಾಮ್, ಸ್ಟಾರ್‌ಫೋರ್ಸ್ ಮುಂತಾದವು. ಸೇಫ್‌ಡಿಸ್ಕಿನ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ವಿಂಡೋಸಿನ ಆಳಕ್ಕೆ ಇಳಿದು ಕೂರುತ್ತಿತ್ತು. ಅದರಲ್ಲಿ ಭದ್ರತೆಯ ತೂತುಗಳಿದ್ದವು. 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಅದಕ್ಕೆ ಜಾಗ ಕೊಡಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಂದು ಅಪ್‌ಡೇಟ್ ಕಳಿಸಿ ವಿಂಡೋಸ್ 7 ಮತ್ತು 8ರಲ್ಲೂ ಆ ಡ್ರೈವರನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ. ತೂತಿರುವ ಬಾಗಿಲನ್ನು ಮುಚ್ಚಲೇಬೇಕು. ಆದರೆ ಆ ಬಾಗಿಲಿನಲ್ಲಿ ಓಡಾಡುತ್ತಿದ್ದ ಗೇಮುಗಳನ್ನು ಮಾರಿದವರು ನೀವು. ಎಷ್ಟು ಜನ ಅವುಗಳಿಗೆ ಹೊಸ ಪ್ಯಾಚ್, ಅಂದರೆ ಗೇಮನ್ನು ತಿದ್ದುವ ಫೈಲ್, ಕೊಟ್ಟಿರಿ? ಡಿಸ್ಕೂ ಚೆನ್ನಾಗಿದೆ, ಕಂಪ್ಯೂಟರೂ ಚೆನ್ನಾಗಿದೆ. ಕೆಟ್ಟಿರುವುದು ನಡುವಿನ ಬೀಗ ಮಾತ್ರ.

ಮುಂದೆ ಇಂಟರ್ನೆಟ್ ಆಕ್ಟಿವೇಶನ್ ಬಂತು. ಅಲ್ಲಿಂದ ಸಂಬಂಧವೇ ಬದಲಾಯಿತು. ಅದಕ್ಕೆ ಮುಂಚೆ ಬೀಗವೂ ನಮ್ಮ ಮನೆಯಲ್ಲಿ, ಬೀಗದ ಕೈಯೂ ನಮ್ಮ ಮನೆಯಲ್ಲಿ. ಈಗ ಬೀಗ ನಮ್ಮ ಮನೆಯಲ್ಲಿ, ಕೈ ಮಾತ್ರ ನಿಮ್ಮ ಹತ್ತಿರ. 2008ರಲ್ಲಿ ಇಎ ಕಂಪನಿಯ 'ಸ್ಪೋರ್' ಬಂದಾಗ ಒಂದು ಪ್ರತಿಯನ್ನು ಮೂರೇ ಸಲ ಆಕ್ಟಿವೇಟ್ ಮಾಡಬಹುದಿತ್ತು. ಜನ ಸಿಟ್ಟಿಗೆದ್ದರು. ಅಮೆಜಾನಿನಲ್ಲಿ ಒಂದೊಂದೇ ಸ್ಟಾರಿನ ವಿಮರ್ಶೆಗಳು ರಾಶಿ ಬಿದ್ದವು. ಮಿತಿಯನ್ನು ಐದಕ್ಕೆ ಏರಿಸಿದರು. ಇಷ್ಟೆಲ್ಲ ಬೀಗ ಇದ್ದೂ ಆ ವರ್ಷ ಟೊರೆಂಟಿನಲ್ಲಿ ಅತಿ ಹೆಚ್ಚು ಡೌನ್‌ಲೋಡ್ ಆದ ಗೇಮ್ ಅಂತ ಪಟ್ಟಿಯ ತುದಿಯಲ್ಲಿ ನಿಂತದ್ದು ಅದೇ. ಕದ್ದವರಿಗೆ ಮೂರರ ಲೆಕ್ಕ ಇರಲಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟು ಹೊಸದು ಹಾಕಿಸಿದಾಗ ಲೆಕ್ಕ ಇಡಬೇಕಾದವರು ಕೊಂಡವರು.

2010ರಲ್ಲಿ ಯುಬಿಸಾಫ್ಟ್ ಕಂಪನಿ ಇನ್ನೂ ಮುಂದೆ ಹೋಯಿತು. 'ಅಸಾಸಿನ್ಸ್ ಕ್ರೀಡ್ 2' ಆಡುವಾಗ ಇಡೀ ಹೊತ್ತು ಇಂಟರ್ನೆಟ್ ಇರಲೇಬೇಕು. ಒಬ್ಬರೇ ಕೂತು ಆಡುವ ಕತೆಯ ಗೇಮಿಗೆ! ಆ ವರ್ಷ ಮಾರ್ಚಿನಲ್ಲಿ ಯಾರೋ ಕಂಪನಿಯ ಸರ್ವರುಗಳ ಮೇಲೆ ದಾಳಿ ಮಾಡಿದರು, ಕೊಂಡವರಿಗೆ ಗೇಮ್ ತೆರೆಯಲಿಲ್ಲ. ಮುಂದೆ ಕಂಪನಿಯೇ ಆ ಪದ್ಧತಿಯನ್ನು ಕೈಬಿಟ್ಟಿತು.

'ಸಿಮ್‌ಸಿಟಿ'ಯ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಗರ ಕಟ್ಟುವ ಗೇಮ್ ಅದು. ದಶಕಗಳ ಕಾಲ ಜನ ಅದನ್ನು ಒಬ್ಬೊಬ್ಬರೇ ಕೂತು ಆಡಿದ್ದಾರೆ. 2013ರ ಮಾರ್ಚಿನಲ್ಲಿ ಹೊಸ ಆವೃತ್ತಿ ಬಂತು, ಆಡಲು ಸದಾ ಆನ್‌ಲೈನ್ ಇರಬೇಕಿತ್ತು. ಬಿಡುಗಡೆಯಾದ ಕೂಡಲೇ ಸರ್ವರುಗಳು ಕುಸಿದವು. ದುಡ್ಡು ಕೊಟ್ಟವರು ಸಾಲಿನಲ್ಲಿ ಕಾದು ಕೂತರು. ಕಟ್ಟಿದ ನಗರಗಳು ಕಳೆದುಹೋದವು. ಆಫ್‌ಲೈನ್ ಆಡಲು ಬಿಡಿ ಅಂದಾಗ ಬಂದ ಉತ್ತರ, ಲೆಕ್ಕಾಚಾರದ ಒಂದು ಭಾಗ ನಮ್ಮ ಸರ್ವರಿನಲ್ಲೇ ನಡೆಯುತ್ತದೆ, ಅದನ್ನು ಬದಲಿಸುವುದು ದೊಡ್ಡ ಕೆಲಸ ಅಂತ. ಕೆಲವೇ ದಿನಗಳಲ್ಲಿ ಒಬ್ಬ ಮಾಡರ್, ಅಂದರೆ ಗೇಮನ್ನು ತಾನೇ ತಿದ್ದುವ ಹವ್ಯಾಸಿ, ಸರ್ವರ್ ಸಂಪರ್ಕ ಇಲ್ಲದೆಯೂ ನಗರ ನಡೆಯುತ್ತದೆ ಎಂದು ತೋರಿಸಿದ. ಸುಮಾರು ಒಂದು ವರ್ಷದ ಮೇಲೆ, 2014ರ ಮಾರ್ಚಿನಲ್ಲಿ, ಕಂಪನಿಯೇ ಆಫ್‌ಲೈನ್ ಸೌಲಭ್ಯ ಕೊಟ್ಟಿತು.

ಕೊಟ್ಟಿದ್ದಕ್ಕೆ ನನಗೆ ಸಂತೋಷವೇ. ಆದರೆ ಆ ಒಂದು ವರ್ಷ ಮರೆಯಲು ಆಗುವುದಿಲ್ಲ. "ಆಗುವುದಿಲ್ಲ" ಎಂದು ನೀವು ಹೇಳುವಾಗ ಅದರಲ್ಲಿ ಎಷ್ಟು ತಾಂತ್ರಿಕ ಕಷ್ಟ, ಎಷ್ಟು ಮನಸ್ಸಿಲ್ಲದಿರುವುದು ಎಂದು ನಮಗೆ ತಿಳಿಯದಂತಾಗಿದೆ. ನಂಬಿಕೆ ಕಳೆದದ್ದು ಅಲ್ಲೇ.

ಈಗ ಜಾಸ್ತಿ ಬಳಕೆಯಲ್ಲಿರುವುದು ಡೆನುವೊ ಎಂಬ ಬೀಗ. 2014ರಿಂದ ಇದೆ. ಹಳೆಯ ಬೀಗಗಳಿಗಿಂತ ಇದು ಗಟ್ಟಿ, ಒಪ್ಪುತ್ತೇನೆ. ಗಟ್ಟಿಯಾದಷ್ಟೂ ಕೊಂಡವರ ಮೇಲೆ ಬೀಳುವ ಭಾರವೂ ಹೆಚ್ಚಿದೆ. 2021ರ ನವೆಂಬರ್ ತಿಂಗಳೊಂದನ್ನೇ ನೋಡಿ. ಡೆನುವೊಗೆ ಸೇರಿದ ಒಂದು ಇಂಟರ್ನೆಟ್ ವಿಳಾಸದ ತೊಂದರೆಯಿಂದ ಕೆಲವು ಗಂಟೆ ಹಲವರಿಗೆ ಗೇಮ್ ತೆರೆಯಲೇ ಇಲ್ಲ. ಅದೇ ತಿಂಗಳು ಇಂಟೆಲ್ ತನ್ನ 12ನೇ ತಲೆಮಾರಿನ ಪ್ರೊಸೆಸರುಗಳನ್ನು ಮಾರುಕಟ್ಟೆಗೆ ತಂದಿತು. ಅವುಗಳಲ್ಲಿ ಲೆಕ್ಕ ಮಾಡುವ ಘಟಕಗಳಾದ ಎರಡು ಬಗೆಯ ಕೋರ್‌ಗಳಿದ್ದವು. ಒಂದೇ ಚಿಪ್ಪಿನ ಎರಡನೇ ಬಗೆಯ ಕೋರನ್ನು ಕಂಡ ಬೀಗ, ಇದು ಬೇರೆ ಕಂಪ್ಯೂಟರ್ ಎಂದು ತಿಳಿಯಿತು. 50ಕ್ಕೂ ಹೆಚ್ಚು ಗೇಮುಗಳಿಗೆ ತೊಂದರೆಯಿದೆ ಎಂದು ಇಂಟೆಲ್ ತಾನೇ ಪಟ್ಟಿ ಹೊರಡಿಸಬೇಕಾಯಿತು. ಹೊಸ ಕಂಪ್ಯೂಟರ್ ಕೊಂಡು, ಗೇಮನ್ನೂ ಕೊಂಡು, ಎರಡಕ್ಕೂ ಪೂರ್ತಿ ದುಡ್ಡು ಕೊಟ್ಟವರು ಪ್ಯಾಚ್ ಬರಲಿ ಎಂದು ಕಾಯುತ್ತ ಕೂತರು.

ಅದೇ ವರ್ಷ 'ರೆಸಿಡೆಂಟ್ ಈವಿಲ್ ವಿಲೇಜ್' ಬಂದಿತ್ತು. ಕೊಂಡವರ ಕಂಪ್ಯೂಟರಿನಲ್ಲಿ ಅಲ್ಲಲ್ಲಿ ತಡವರಿಸುತ್ತಿತ್ತು. ಜುಲೈನಲ್ಲಿ ಕ್ರ್ಯಾಕ್ ಬಂತು, ಕದ್ದ ಪ್ರತಿ ಸರಾಗವಾಗಿ ಓಡಿತು. ಆಮೇಲೆ ಕ್ಯಾಪ್‌ಕಾಮ್ ಪ್ಯಾಚ್ ಕೊಟ್ಟು ಸರಿ ಮಾಡಿತು. ಕೆಲವು ದಿನ ಕೊಂಡವರಿಗಿಂತ ಕದ್ದವರ ಹತ್ತಿರವೇ ಒಳ್ಳೆಯ ಪ್ರತಿ ಇತ್ತು. ಇದನ್ನು ಬರೆಯುವಾಗ ನನಗೆ ಬೇಜಾರಾಗುತ್ತದೆ. ಆ ಗೇಮಿಗೆ ಚಿತ್ರ ಬರೆದವರು, ಸಂಗೀತ ಕೊಟ್ಟವರು, ರಾತ್ರಿಯೆಲ್ಲ ಕೂತು ಕೋಡ್ ಬರೆದವರು ತಮ್ಮ ಕೆಲಸ ಕೊಂಡವರಿಗೇ ಅರೆಬರೆ ಕಾಣಲಿ ಎಂದು ಬಯಸಿರುವುದಿಲ್ಲ.

ಇನ್ನು ನನ್ನ ಮುಖ್ಯ ಬೇಡಿಕೆಗೆ ಬರುತ್ತೇನೆ.

ಬೀಗದಿಂದ ನಿಮಗೆ ಲಾಭ ಇದೆಯೇ? ಇದೆ. 2024ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರ ಅಧ್ಯಯನ ಪ್ರಕಟವಾಯಿತು. ಡೆನುವೊ ಬೀಗ ಹಾಕಿದ 86 ಗೇಮುಗಳನ್ನು ಅವರು ನೋಡಿದ್ದರು. ಬಿಡುಗಡೆಯಾದ ಮೊದಲ ವಾರದಲ್ಲೇ ಬೀಗ ಮುರಿದರೆ ಆದಾಯ ಸರಾಸರಿ ಶೇ. 20ರಷ್ಟು ತಗ್ಗುತ್ತದೆ ಎಂದು ಅವರಿಗೆ ಕಂಡಿತು. ಇದು ಸಣ್ಣ ಮಾತಲ್ಲ. ಐದು ರೂಪಾಯಿ ಬರುವ ಕಡೆ ನಾಲ್ಕೇ ಬಂದರೆ ಯಾವ ಸ್ಟುಡಿಯೊಗೂ ಕಷ್ಟ. ಹಾಗಾಗಿ ಮೊದಲ ವಾರಗಳಲ್ಲಿ ನೀವು ಬೀಗ ಹಾಕಿದರೆ ನಾನು ಗೊಣಗುವುದಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಭಾಗ ಇದೆ. ಮುರಿಯುವುದು ತಡವಾದಷ್ಟೂ ನಷ್ಟ ಕಡಿಮೆಯಾಗುತ್ತ ಹೋಗುತ್ತದೆ. 12 ವಾರ ದಾಟಿದ ಮೇಲೆ ಬೀಗ ಮುರಿದರೆ ಆಗುವ ನಷ್ಟ ಹೆಚ್ಚುಕಡಿಮೆ ಸೊನ್ನೆ.

ಹನ್ನೆರಡು ವಾರ ಅಂದರೆ ಮೂರು ತಿಂಗಳು. ಮೂರು ತಿಂಗಳ ಕೆಲಸಕ್ಕೆ ಬಂದ ಬೀಗ ಹತ್ತು ವರ್ಷ, ಹದಿನೈದು ವರ್ಷ ಯಾಕೆ ನಮ್ಮ ಮನೆಯ ಬಾಗಿಲಿನಲ್ಲಿ ತೂಗಾಡಬೇಕು? ಅಷ್ಟು ಹೊತ್ತಿಗೆ ನಿಮಗೆ ಬರಬೇಕಾದ ದುಡ್ಡಿನ ಬಹುಪಾಲು ಬಂದಿರುತ್ತದೆ. ಬೀಗ ಕಾಯುತ್ತಿರುವ ಪೆಟ್ಟಿಗೆಯಲ್ಲಿ ಏನೂ ಉಳಿದಿರುವುದಿಲ್ಲ. ಉಳಿದಿರುವುದು ನಮ್ಮ ಗೇಮ್ ಮಾತ್ರ.

ಹಾಗಾಗಿ ನಾನು ಕೇಳುವುದು ಇದು. ಬೀಗ ಇರುವ ಪ್ರತಿ ಗೇಮಿನ ಮಾರಾಟದ ಪುಟದಲ್ಲಿ, ಬೆಲೆಯ ಪಕ್ಕದಲ್ಲೇ, ಒಂದು ತಾರೀಖು ಬರೆಯಿರಿ. ಇಂಥ ದಿನದಿಂದ ಈ ಗೇಮಿಗೆ ಬೀಗ ಇರುವುದಿಲ್ಲ ಎಂದು. ಮೂರು ತಿಂಗಳು ಕಷ್ಟವಾದರೆ ಆರು ತಿಂಗಳು ಇಡಿ, ಒಂದು ವರ್ಷ ಇಡಿ. ದಿನ ನೀವೇ ಆರಿಸಿ. ಆದರೆ ಬಿಡುಗಡೆಗೆ ಮುಂಚೆಯೇ ಆರಿಸಿ, ಬರೆದು ಕೊಡಿ. ಬೀಗ ತೆಗೆಯುವ ಪ್ಯಾಚನ್ನು ಬಿಡುಗಡೆಗೆ ಮುಂಚೆಯೇ ಸಿದ್ಧ ಮಾಡಿ ಸ್ಟೋರಿನ ಸುಪರ್ದಿಯಲ್ಲಿ ಇಡಿ. ನಾಳೆ ಕಂಪನಿ ಇನ್ನೊಬ್ಬರ ಪಾಲಾದರೂ, ಸ್ಟುಡಿಯೊ ಮುಚ್ಚಿಹೋದರೂ ಆ ದಿನ ಬಂದಾಗ ಪ್ಯಾಚ್ ತಾನಾಗಿಯೇ ಹೊರಬರಲಿ.

ಇದು ಆಗದ ಕೆಲಸವೇನಲ್ಲ. ನಿಮ್ಮಲ್ಲೇ ಕೆಲವರು ಮಾಡಿದ್ದಾರೆ. 2016ರ ಮೇ ತಿಂಗಳಲ್ಲಿ ಬಂದ 'ಡೂಮ್' ಗೇಮಿನಿಂದ ಡೆನುವೊವನ್ನು ಅದೇ ಡಿಸೆಂಬರಿನಲ್ಲಿ ತೆಗೆದುಹಾಕಿದರು. ಆಮೇಲೂ ಹಲವು ಗೇಮುಗಳಿಂದ ಸದ್ದಿಲ್ಲದೆ ತೆಗೆದಿದ್ದಾರೆ. ಆದರೆ ಯಾವಾಗ ತೆಗೆಯುತ್ತಾರೆ, ತೆಗೆಯುತ್ತಾರೋ ಇಲ್ಲವೋ ಎನ್ನುವುದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ನನಗೆ ಬೇಕಿರುವುದು ಮೊದಲೇ ಕೊಟ್ಟ ಮಾತು.

ಸ್ಟೋರ್ ನಡೆಸುವವರಿಗೆ ಬೇರೆಯಾಗಿ ಎರಡು ಮಾತು. ಸ್ಟೀಮ್ ಎಂಬ ಡಿಜಿಟಲ್ ಸ್ಟೋರ್ 2003ರಲ್ಲಿ ಶುರುವಾಯಿತು. ನೀವೆಲ್ಲ ಬಂದ ಮೇಲೆ ನಮಗೆ ಅನುಕೂಲವೂ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಡಿಸ್ಕ್ ಹುಡುಕುವ ಕಷ್ಟ ತಪ್ಪಿತು, ಅಪ್‌ಡೇಟ್ ತಾನಾಗಿ ಬರುತ್ತದೆ, ಸೇವ್ ಫೈಲ್ ಕಳೆಯುವುದಿಲ್ಲ. ಸಲೀಸಾಗಿ ಕೊಳ್ಳಲು ಸಿಕ್ಕಿದರೆ ಜನ ಕೊಳ್ಳುತ್ತಾರೆ ಎಂಬುದಕ್ಕೆ ನೀವೇ ಸಾಕ್ಷಿ. ಆದರೆ "ಕೊಳ್ಳಿ" ಎಂಬ ಬಟನ್ ಒತ್ತಿದಾಗ ನಿಜವಾಗಿ ಸಿಗುವುದು ಒಂದು ಲೈಸೆನ್ಸ್ ಎಂದು ನಮಗೆ ತಿಳಿಯುವುದು ಬಹಳ ತಡವಾಗಿ. ಆ ಲೈಸೆನ್ಸನ್ನು ಯಾರಿಗೂ ಕೊಡುವ ಹಾಗಿಲ್ಲ, ಮಾರುವ ಹಾಗಿಲ್ಲ. ನಾನು ಸತ್ತರೆ ನನ್ನ ಅಕೌಂಟ್ ಅಕ್ಕನ ಮಗನಿಗೆ ಸಿಗುವುದಿಲ್ಲ. ಶೆಲ್ಫಿನ ಆ ಡಬ್ಬಿಯನ್ನಾದರೂ ಅವನಿಗೆ ಕೊಡಬಹುದು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಾದ ಕಾನೂನು, ಲೈಸೆನ್ಸ್ ಮಾತ್ರ ಕೊಡುವವರು ಅದನ್ನು ಸ್ಪಷ್ಟವಾಗಿ ಹೇಳದೆ "ಕೊಳ್ಳಿ" ಎನ್ನುವಂತಿಲ್ಲ ಎನ್ನುತ್ತದೆ. ಕಾನೂನು ಇಲ್ಲದ ಕಡೆಯೂ ಇದನ್ನು ಪಾಲಿಸಿ. ಮತ್ತೆ, ಗೇಮಿಗೆ ಯಾವ ಬೀಗ ಇದೆ, ಇಂಟರ್ನೆಟ್ ಯಾವಾಗೆಲ್ಲ ಬೇಕು ಎಂದು ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಈಗ ಅದು ಪುಟದ ಮೂಲೆಯಲ್ಲಿ ಕಣ್ಣಿಗೆ ಬೀಳದಂತೆ ಕೂತಿರುತ್ತದೆ.

ಬೀಗ ಇಲ್ಲದಿದ್ದರೆ ಅಂಗಡಿ ನಡೆಯುವುದಿಲ್ಲ ಎನ್ನುವವರು ಗಾಗ್ ಎಂಬ ಸ್ಟೋರ್ ಕಡೆ ನೋಡಬಹುದು. 2008ರಿಂದ ಅದು ಬೀಗವಿಲ್ಲದ ಗೇಮುಗಳನ್ನೇ ಮಾರುತ್ತಿದೆ. ಇನ್‌ಸ್ಟಾಲರನ್ನು ಡೌನ್‌ಲೋಡ್ ಮಾಡಿ ನನ್ನ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. 2015ರಲ್ಲಿ 'ದಿ ವಿಚರ್ 3' ಅಲ್ಲಿ ಮೊದಲ ದಿನದಿಂದಲೇ ಬೀಗವಿಲ್ಲದೆ ಸಿಕ್ಕಿತು. ಅದು ಎಷ್ಟು ದೊಡ್ಡ ಯಶಸ್ಸು ಕಂಡಿತು ಎಂದು ನಾನು ನಿಮಗೆ ಹೇಳಬೇಕಿಲ್ಲ. ಸ್ಟೀಮಿನಲ್ಲೂ ಬೀಗ ಕಡ್ಡಾಯವಲ್ಲ, ಹಾಕುವುದೂ ಬಿಡುವುದೂ ಪ್ರಕಾಶಕರ ಇಷ್ಟ. ಇದು ಎಷ್ಟೋ ಆಟಗಾರರಿಗೆ ಗೊತ್ತೇ ಇಲ್ಲ.

ಸರ್ವರ್ ಮುಚ್ಚುವ ವಿಷಯಕ್ಕೆ ಬಂದರೆ, ಯುಬಿಸಾಫ್ಟಿನ 'ದಿ ಕ್ರೂ' ಗೇಮಿಗೆ ಆದದ್ದನ್ನು ಯಾರೂ ಮರೆತಿಲ್ಲ. 2014ರಲ್ಲಿ ಬಂದ ಕಾರ್ ಓಡಿಸುವ ಗೇಮ್. ಅದರ ಎಷ್ಟೋ ಭಾಗವನ್ನು ಒಬ್ಬರೇ ಆಡಬಹುದಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಅಂದೇ ಅದನ್ನು ಒಬ್ಬರೇ ಆಡುವುದಕ್ಕೂ ಆಗದಂತಾಯಿತು. ಆಮೇಲೆ ಕೊಂಡವರ ಲೈಸೆನ್ಸನ್ನೂ ವಾಪಸ್ ಪಡೆದರು. ಅಲ್ಲಿಂದಲೇ, ಸರ್ವರ್ ಮುಚ್ಚಿದ ಮೇಲೂ ಮಾರಿದ ಗೇಮ್ ಆಡಲು ಬರುವಂತೆ ಉಳಿಸಿ ಎಂದು ಕೇಳುವ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಹುಟ್ಟಿತು. ಯುರೋಪಿನಲ್ಲಿ ಅದರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಯುಬಿಸಾಫ್ಟ್ ಕೂಡ 2024ರ ಸೆಪ್ಟೆಂಬರಿನಲ್ಲಿ ಆ ಸರಣಿಯ ಮುಂದಿನ ಎರಡು ಗೇಮುಗಳಿಗೆ ಆಫ್‌ಲೈನ್ ಸೌಲಭ್ಯ ಕೊಡುವುದಾಗಿ ಹೇಳಿತು. ಮೊದಲನೆಯದಕ್ಕೆ ಮಾತ್ರ ಏನೂ ಇಲ್ಲ.

ಆ ಚಳವಳಿಗೆ ನಿಮ್ಮ ಸಂಘಟನೆಗಳು ಕೊಟ್ಟ ಉತ್ತರವನ್ನೂ ಓದಿದ್ದೇನೆ. ಆಟಗಾರರೇ ಸರ್ವರ್ ನಡೆಸಿದರೆ ಕೆಟ್ಟ ವಿಷಯ ತಡೆಯುವವರು ಯಾರು, ಆಟಗಾರರ ಮಾಹಿತಿ ಕಾಯುವವರು ಯಾರು, ಖರ್ಚು ಜಾಸ್ತಿ ಅಂತ. ಸಾವಿರಾರು ಜನ ಒಟ್ಟಿಗೆ ಆಡುವ ಗೇಮಿಗೆ ಈ ಮಾತು ಹೊಂದುತ್ತದೆ. ಅಂಥ ಸರ್ವರನ್ನು ಎಂದೆಂದಿಗೂ ನಡೆಸಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಒಬ್ಬರೇ ಆಡುವ ಗೇಮಿನಲ್ಲಿ ಕಾಯಬೇಕಾದ ಮಾಹಿತಿ ಯಾವುದು? ತಡೆಯಬೇಕಾದ ವಿಷಯ ಯಾವುದು? ಅಲ್ಲಿ ಸರ್ವರ್ ಮಾಡುತ್ತಿದ್ದದ್ದು ಎಷ್ಟೋ ಸಲ ಒಂದೇ ಕೆಲಸ. ಇವನು ದುಡ್ಡು ಕೊಟ್ಟಿದ್ದಾನಾ ಎಂದು ಕೇಳುವುದು.

ಮುಚ್ಚುವುದನ್ನೂ ಮರ್ಯಾದೆಯಿಂದ ಮಾಡಬಹುದು. 'ನಾಕ್‌ಔಟ್ ಸಿಟಿ' ಮಾಡಿದವರು 2023ರ ಜೂನಿನಲ್ಲಿ ಸರ್ವರ್ ನಿಲ್ಲಿಸಿದಾಗ, ಆಟಗಾರರೇ ಸರ್ವರ್ ಇಟ್ಟುಕೊಳ್ಳುವಂಥ ಪಿಸಿ ಆವೃತ್ತಿಯನ್ನು ಕೊಟ್ಟುಹೋದರು. ಚಿಕ್ಕ ಸ್ಟುಡಿಯೊ ಅದು! 'ಗ್ರ್ಯಾನ್ ಟೂರಿಸ್ಮೊ ಸ್ಪೋರ್ಟ್' ಸರ್ವರ್ 2024ರ ಜನವರಿ ಕೊನೆಗೆ ನಿಂತಿತು. ಅದಕ್ಕೆ ಮುಂಚೆ ಬಂದ ಅಪ್‌ಡೇಟಿನಿಂದ ಬಹುಪಾಲು ಗೇಮ್ ಆಫ್‌ಲೈನ್ ಓಡುವಂತಾಯಿತು. ಗೂಗಲ್ ಇಂಟರ್ನೆಟ್ ಮೂಲಕವೇ ಗೇಮ್ ಆಡಿಸುತ್ತಿದ್ದ ತನ್ನ ಸ್ಟೇಡಿಯಾ ಸೇವೆಯನ್ನು 2023ರ ಜನವರಿಯಲ್ಲಿ ಮುಚ್ಚಿದಾಗ ಅದರ ಸ್ಟೋರಿನಲ್ಲಿ ಕೊಂಡ ಗೇಮುಗಳ ದುಡ್ಡು ವಾಪಸ್ ಕೊಟ್ಟಿತು. ಕಂಟ್ರೋಲರನ್ನು ಬ್ಲೂಟೂತಿನಲ್ಲಿ ಬಳಸಲೂ ದಾರಿ ಮಾಡಿಕೊಟ್ಟಿತು. ಕೊನೇ ಪ್ಯಾಚ್ ಕೊಡಿ, ಅದು ಆಗದಿದ್ದರೆ ದುಡ್ಡು ವಾಪಸ್ ಕೊಡಿ. ಇದಕ್ಕಿಂತ ಹೆಚ್ಚಿನದನ್ನು ನಾನು ಕೇಳುತ್ತಿಲ್ಲ.

ಇನ್ನೊಂದು ವಿಷಯವಿದೆ, ಅದು ನನ್ನ ದುಡ್ಡಿನದ್ದಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಮಾಡಿತು. 2010ಕ್ಕೆ ಮುಂಚೆ ಅಲ್ಲಿ ಬಿಡುಗಡೆಯಾದ ಹಳೇ ಗೇಮುಗಳಲ್ಲಿ ಶೇ. 87ರಷ್ಟು ಇವತ್ತು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಗ್ರಂಥಾಲಯಗಳು, ಸಂಗ್ರಹಾಲಯಗಳು ಅವನ್ನು ಉಳಿಸಲು ಹೆಣಗುತ್ತಿವೆ. ಅಮೆರಿಕದಲ್ಲಿ ಬೀಗ ಮುರಿಯುವುದು 1998ರ ಕಾನೂನಿನ ಪ್ರಕಾರ ನಿಷಿದ್ಧ. ಸರ್ವರ್ ಮುಚ್ಚಿದ ಗೇಮುಗಳಿಗಾಗಿ 2015ರಲ್ಲಿ ಒಂದು ಸಣ್ಣ ವಿನಾಯಿತಿ ಸಿಕ್ಕಿತು. ಸಂಶೋಧಕರು ದೂರದಿಂದಲೇ ಹಳೇ ಗೇಮುಗಳನ್ನು ನೋಡಲು ಅವಕಾಶ ಕೊಡಿ ಎಂದು ಗ್ರಂಥಾಲಯಗಳ ಪರವಾಗಿ ಕೇಳಿದಾಗ 2024ರಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ನಿರಾಕರಿಸಿತು. ಅದನ್ನು ವಿರೋಧಿಸಿದ್ದು ನಿಮ್ಮದೇ ಸಂಘಟನೆ. ದಯವಿಟ್ಟು ಆ ವಿರೋಧ ಬಿಡಿ. ನೀವು ಮಾರದ, ಮಾರುವ ಯೋಚನೆಯೂ ಇಲ್ಲದ ಗೇಮನ್ನು ಒಬ್ಬ ವಿದ್ಯಾರ್ಥಿ ಓದಿಗಾಗಿ ನೋಡಿದರೆ ನಿಮಗೇನು ನಷ್ಟ?

ನಿಮ್ಮ ಗೇಮುಗಳನ್ನು ಮಾಡಿದವರೇ ನಾಳೆ ತಮ್ಮ ಮೊಮ್ಮಕ್ಕಳಿಗೆ ಅವನ್ನು ತೋರಿಸಲು ಹೊರಟಾಗ ನಮಗೆ ಸಿಕ್ಕ ಅದೇ ಕಿಟಕಿ ಅವರಿಗೂ ಸಿಗುತ್ತದೆ. ಸರ್ವರ್ ಸಿಗುತ್ತಿಲ್ಲ ಎಂದು. ಇದನ್ನು ಯೋಚಿಸಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎಲ್ಲ ಗೇಮುಗಳನ್ನೂ ಒಂದೇ ದಿನ ಸರಿ ಮಾಡಲು ಆಗುವುದಿಲ್ಲ ಎಂದು ನನಗೂ ಗೊತ್ತು. ಹಳೆಯದರಿಂದ ಶುರು ಮಾಡಿ. ನಿಮ್ಮಲ್ಲಿ ಪ್ರತಿಯೊಬ್ಬರೂ ಆಕ್ಟಿವೇಶನ್ ಸರ್ವರ್ ಈಗಾಗಲೇ ಮುಚ್ಚಿರುವ ಗೇಮುಗಳ ಪಟ್ಟಿ ಮಾಡಿ ಹೊರಡಿಸಿ. ಆ ಪಟ್ಟಿಯಲ್ಲಿ ಇರುವ ಗೇಮುಗಳಿಗೆ ಬೀಗ ತೆಗೆಯುವ ಪ್ಯಾಚ್ ಕೊಡಿ. ಕೆಲಸಕ್ಕೆ ಜನ ಸಾಲದಿದ್ದರೆ, ಬಯಸಿದವರು ತಾವೇ ತೆಗೆದುಕೊಳ್ಳಬಹುದು, ನಾವು ಕೇಸ್ ಹಾಕುವುದಿಲ್ಲ ಎಂದು ಬರೆದು ಕೊಡಿ. ಆ ಒಂದು ಕಾಗದ ಸಿಕ್ಕರೂ ಸಾಕು, ಬಲ್ಲವರು ಮುಂದೆ ಬಂದು ಮಾಡಿಕೊಡುತ್ತಾರೆ.

ಅಕ್ಕನ ಮಗನಿಗೆ ಮುಂದಿನ ಬೇಸಿಗೆ ರಜೆಗೆ ಹದಿಮೂರು ತುಂಬಿರುತ್ತದೆ. ಡಬ್ಬಿಯನ್ನು ಶೆಲ್ಫಿನಿಂದ ತೆಗೆದಿಲ್ಲ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ದುಡ್ಡು ಕೊಟ್ಟು ಗೇಮ್ ಆಡುವ ನಿಮ್ಮ ಒಬ್ಬ ಗಿರಾಕಿ